ರಬ್ಬರ್ ಸರಪಳಿಗೆ ಆಲ್ಡಿಹೈಡ್ ಜೋಡಿಸುವ ಬಗೆ: ಹೈಡ್ರೋಫಾರ್ಮೈಲೇಶನ್ ಪ್ರಯೋಗಕ್ಕೆ ಒಂದು ಕೈಪಿಡಿ

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ರಬ್ಬರ್ ಮೋಲ್ಡಿಂಗ್ ಮಾಡುವ ಸಣ್ಣ ಘಟಕವೊಂದರ ಮಾಲೀಕರು ಒಮ್ಮೆ ನನ್ನ ಮೇಜಿನ ಮೇಲೆ ಒಂದು ಬುಶ್ ತಂದಿಟ್ಟರು. ಹೊರಗಿನ ಉಕ್ಕಿನ ಕೊಳವೆಯಿಂದ ರಬ್ಬರ್ ಬಾಳೆಹಣ್ಣಿನ ಸಿಪ್ಪೆಯಂತೆ ಬಿಟ್ಟುಕೊಂಡಿತ್ತು. ಲೋಹದ ಮೇಲೆ ರಬ್ಬರಿನ ಒಂದು ಕಲೆಯೂ ಉಳಿದಿರಲಿಲ್ಲ. ರಬ್ಬರೇ ನಡುವೆ ಹರಿದಿದ್ದರೆ ಅಂಟು ಗಟ್ಟಿಯಾಗಿತ್ತೆಂದು ತಿಳಿಯಬಹುದಿತ್ತು. ಹೀಗೆ ಶುಭ್ರವಾಗಿ ಬಿಟ್ಟುಕೊಂಡಿದೆಯೆಂದರೆ ಎರಡರ ನಡುವೆ ಹಿಡಿತವೇ ಹುಟ್ಟಿರಲಿಲ್ಲವೆಂದರ್ಥ. ಪಾಲಿಬ್ಯುಟಾಡೈಯೀನ್ ಅಥವಾ ಸ್ಟೈರೀನ್-ಬ್ಯುಟಾಡೈಯೀನ್ ರಬ್ಬರಿನ ಸರಪಳಿಯಲ್ಲಿ ಇಂಗಾಲ ಮತ್ತು ಹೈಡ್ರೋಜನ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಲೋಹದ ಮೇಲಿನ ಆಕ್ಸೈಡ್ ಪದರವನ್ನು ಹಿಡಿದುಕೊಳ್ಳಬಲ್ಲ ಒಂದು ಗುಂಪೂ ಅದರಲ್ಲಿಲ್ಲ. ಅಂಥ ಗುಂಪನ್ನು ಸರಪಳಿಗೆ ನಾವೇ ಜೋಡಿಸಬಹುದೇ ಎಂಬ ಪ್ರಶ್ನೆಯಿಂದ ನಮ್ಮ ಪ್ರಯೋಗಾಲಯದಲ್ಲಿ ಈ ಕೆಲಸ ಆರಂಭವಾಯಿತು. ಸ್ನಾತಕೋತ್ತರ ರಸಾಯನಶಾಸ್ತ್ರ ಮತ್ತು ಪಾಲಿಮರ್ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ತಮ್ಮ ಮಾರ್ಗದರ್ಶಕರ ಸಮ್ಮುಖದಲ್ಲಿ ಮಾಡಬೇಕೆಂಬ ಉದ್ದೇಶದಿಂದ, ಹಲವು ಬಾರಿ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೈಡ್ರೋಫಾರ್ಮೈಲೇಶನ್ ಎಂದರೆ ಇಂಗಾಲ-ಇಂಗಾಲದ ದ್ವಿಬಂಧಕ್ಕೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಒಟ್ಟಿಗೆ ಸೇರಿ, ದ್ವಿಬಂಧವಿದ್ದ ಜಾಗದಲ್ಲಿ ಆಲ್ಡಿಹೈಡ್ ಗುಂಪು ಮೂಡುವ ಕ್ರಿಯೆ. 1938ರಲ್ಲಿ ಜರ್ಮನಿಯ ಓಬರ್‌ಹೌಸನ್‌ನ ರೂರ್‌ಕೆಮಿ ಸಂಸ್ಥೆಯಲ್ಲಿ ಒಟ್ಟೊ ರೋಲೆನ್ ಇದನ್ನು ಕಂಡುಹಿಡಿದರು. ಆಗ ಕ್ರಿಯಾವರ್ಧಕವಾಗಿ, ಅಂದರೆ ಕ್ರಿಯೆಗೆ ವೇಗ ಕೊಡುವ ವಸ್ತುವಾಗಿ, ಬಳಸಿದ್ದು ಕೋಬಾಲ್ಟ್. ಅದಕ್ಕೆ ನೂರಕ್ಕೂ ಮೀರಿದ ವಾಯುಭಾರದ ಒತ್ತಡ, ನೂರು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆ ಬೇಕಾಗುತ್ತಿತ್ತು. 1960ರ ದಶಕದಲ್ಲಿ ಜೆಫ್ರಿ ವಿಲ್ಕಿನ್ಸನ್ ಮತ್ತು ಅವರ ಸಹೋದ್ಯೋಗಿಗಳು ರೋಡಿಯಂ ಲೋಹಕ್ಕೆ ಟ್ರೈಫಿನೈಲ್‌ಫಾಸ್ಫೀನ್ ಜೋಡಿಸಿ ಅದೇ ಕ್ರಿಯೆಯನ್ನು ತುಂಬ ಸೌಮ್ಯ ಸ್ಥಿತಿಯಲ್ಲಿ ನಡೆಸಬಹುದೆಂದು ತೋರಿಸಿದರು. ಪಾಲಿಮರ್ ಜೊತೆ ಕೆಲಸ ಮಾಡುವವರಿಗೆ ಈ ಎರಡನೆಯ ದಾರಿಯೊಂದೇ ದಾರಿ. ಸಣ್ಣ ಅಣುವೊಂದು ಹೆಚ್ಚಿನ ಉಷ್ಣತೆಯಲ್ಲಿ ಸ್ವಲ್ಪ ಹಾಳಾದರೆ ಬಟ್ಟಿ ಇಳಿಸಿ ಬೇರ್ಪಡಿಸಬಹುದು. ಸಾವಿರಾರು ಘಟಕಗಳ ಸರಪಳಿಯಲ್ಲಿ ಒಂದೆರಡು ಕಡೆ ತುಂಡಾದರೆ ಅಥವಾ ಪಕ್ಕದ ಸರಪಳಿಗೆ ಅಂಟಿಕೊಂಡರೆ ಹಾಳಾದದ್ದನ್ನು ಹೊರಗೆ ತೆಗೆಯುವ ಉಪಾಯವೇ ಇಲ್ಲ.

ಈ ಕೆಲಸದಲ್ಲಿ ಆಲ್ಡಿಹೈಡ್ ಹುಟ್ಟಿಸುವುದು ಕಷ್ಟವಲ್ಲ. ಎಷ್ಟು ಹುಟ್ಟಿದಾಗ ನಿಲ್ಲಿಸಬೇಕು, ಹುಟ್ಟಿದ ಮೇಲೆ ಅದನ್ನು ಎಷ್ಟು ಬೇಗ ಬೇರೆ ಗುಂಪಾಗಿ (ಇಲ್ಲಿ ಲೋಹವನ್ನು ಹಿಡಿಯಬಲ್ಲ ಹೈಡ್ರಾಕ್ಸಿಲ್ ಆಗಿ) ಬದಲಿಸಬೇಕು ಎಂಬುದರಲ್ಲಿಯೇ ಗೆಲುವು ಸೋಲು ಇದೆ. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳೂ ಈ ಒಂದು ಮಾತಿನ ಸುತ್ತಲೇ ಸುತ್ತುತ್ತವೆ.

ಯಾವ ರಬ್ಬರ್ ಆಯ್ದುಕೊಳ್ಳಬೇಕು

ಎಲ್ಲ ದ್ವಿಬಂಧಗಳೂ ಒಂದೇ ಅಲ್ಲ. ಪಾಲಿಬ್ಯುಟಾಡೈಯೀನ್‌ನಲ್ಲಿ ದ್ವಿಬಂಧ ಎರಡು ಬಗೆಯ ಜಾಗದಲ್ಲಿರುತ್ತದೆ. 1,4 ಜೋಡಣೆಯಲ್ಲಿ ಅದು ಸರಪಳಿಯ ಬೆನ್ನೆಲುಬಿನೊಳಗೇ ಹುದುಗಿರುತ್ತದೆ. 1,2 ಜೋಡಣೆಯಲ್ಲಿ ಸರಪಳಿಯಿಂದ ಹೊರಚಾಚಿದ ಪುಟ್ಟ ವೈನೈಲ್ ಕೊಂಬೆಯ ತುದಿಯಲ್ಲಿರುತ್ತದೆ. ರೋಡಿಯಂ ಸಂಕೀರ್ಣಕ್ಕೆ ತುದಿಯ ದ್ವಿಬಂಧ ಸುಲಭವಾಗಿ ಸಿಗುತ್ತದೆ, ಒಳಗಿನದು ತಡವಾಗಿ ಸಿಗುತ್ತದೆ. ಆದ್ದರಿಂದ ಮೊದಲ ಪ್ರಯೋಗಕ್ಕೆ 1,2 ಅಂಶ ಸುಮಾರು 90 ಪ್ರತಿಶತ ಇರುವ, ಟಾಲೂಯೀನ್‌ನಲ್ಲಿ ಕರಗುವ ಪಾಲಿಬ್ಯುಟಾಡೈಯೀನ್ ಆಯ್ದುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಟೈರಿಗೆ ಬಳಸುವ, ಬಹುಪಾಲು 1,4 ಜೋಡಣೆಯ ಹೈ-ಸಿಸ್ ದರ್ಜೆಯಲ್ಲಿ ವೈನೈಲ್ ಬೆರಳೆಣಿಕೆಯಷ್ಟು ಪ್ರತಿಶತ ಮಾತ್ರ ಇರುವುದರಿಂದ ಅದರಿಂದ ಆರಂಭಿಸಿದವರು ದಿನವಿಡೀ ಕಾದು ನಿರಾಶರಾಗುತ್ತಾರೆ.

ಸ್ಟೈರೀನ್-ಬ್ಯುಟಾಡೈಯೀನ್ ರಬ್ಬರ್ ಕೂಡ ಒಗ್ಗುತ್ತದೆ, ಆದರೆ ಎಮಲ್ಶನ್ ವಿಧಾನದಿಂದ ಬಂದ ಸರಕಿನಲ್ಲಿ ಸೋಪು ಮತ್ತು ಕೊಬ್ಬಿನ ಆಮ್ಲಗಳ ಶೇಷವಿರುತ್ತದೆ. ಟಾಲೂಯೀನ್‌ನಲ್ಲಿ ಕರಗಿಸಿ ಮೆಥನಾಲಿನಲ್ಲಿ ಅವಕ್ಷೇಪಿಸುವ ಕೆಲಸವನ್ನು ಎರಡು ಬಾರಿ ಮಾಡಿ ಅದನ್ನು ತೆಗೆಯದಿದ್ದರೆ ಆ ಆಮ್ಲವೇ ಮುಂದೆ ಆಲ್ಡಿಹೈಡ್‌ಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಹೈಡ್ರಾಲಿಕ್ ಸೀಲುಗಳಿಗೆ ಬಳಸುವ ನೈಟ್ರೈಲ್ ರಬ್ಬರಿನಲ್ಲಿ ನೈಟ್ರೈಲ್ ಗುಂಪು ತಾನೇ ಹೋಗಿ ರೋಡಿಯಂ ಮೇಲೆ ಕುಳಿತುಕೊಳ್ಳುವುದರಿಂದ ಕ್ರಿಯೆ ನಿಧಾನವಾಗುತ್ತದೆ. ನೈಸರ್ಗಿಕ ರಬ್ಬರಿನ ಮಾತು ಇನ್ನೂ ಕಠಿಣ: ಅದರ ಪ್ರತಿಯೊಂದು ದ್ವಿಬಂಧದ ಮೇಲೂ ಒಂದು ಮೀಥೈಲ್ ಗುಂಪು ಕುಳಿತಿರುವುದರಿಂದ ಸೌಮ್ಯ ಸ್ಥಿತಿಯಲ್ಲಿ ರೋಡಿಯಂ ಅದರತ್ತ ಹೆಚ್ಚುಕಡಿಮೆ ಸುಳಿಯುವುದೇ ಇಲ್ಲ.

ಹಳೆಯ ಟೈರಿನ ಪುಡಿಯಿಂದ ಇದನ್ನು ಮಾಡಬಹುದೇ ಎಂದು ಉದ್ಯಮಬಾಗದವರು ಬಹಳ ಸಲ ಕೇಳಿದ್ದಾರೆ. ಸಾಧ್ಯವಿಲ್ಲ. ವಲ್ಕನೈಸ್ ಆದ, ಅಂದರೆ ಗಂಧಕದೊಂದಿಗೆ ಕಾಯಿಸಿ ಸರಪಳಿಗಳನ್ನು ಹೆಣೆದ ರಬ್ಬರ್ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ, ಮೇಲಾಗಿ ಅದರಲ್ಲಿರುವ ಗಂಧಕ ರೋಡಿಯಂಗೆ ವಿಷ. ಮಾರ್ಪಾಡು ಏನಿದ್ದರೂ ವಲ್ಕನೀಕರಣಕ್ಕೆ ಮೊದಲೇ ಆಗಬೇಕು.

ಅಳತೆಯ ಲೆಕ್ಕ

300 ಮಿಲಿಲೀಟರ್ ಗಾತ್ರದ, ಕನಿಷ್ಠ 100 ಬಾರ್ ಒತ್ತಡಕ್ಕೆ ಪ್ರಮಾಣಿತವಾದ ಸ್ಟೇನ್‌ಲೆಸ್ ಸ್ಟೀಲ್ ಆಟೋಕ್ಲೇವ್ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) ಇದೆಯೆಂದು ಇಟ್ಟುಕೊಂಡು ಲೆಕ್ಕ ಹಾಕೋಣ. ಪಾಲಿಮರ್ 5 ಗ್ರಾಂ, ಟಾಲೂಯೀನ್ 100 ಮಿಲಿಲೀಟರ್. ಬ್ಯುಟಾಡೈಯೀನ್ ಘಟಕದ ತೂಕ 54.09 ಆದ್ದರಿಂದ 5 ಗ್ರಾಂನಲ್ಲಿ ಸುಮಾರು 92 ಮಿಲಿಮೋಲ್ ದ್ವಿಬಂಧಗಳಿವೆ. ರೋಡಿಯಂ ಡೈಕಾರ್ಬೊನೈಲ್ ಅಸಿಟೈಲ್‌ಅಸಿಟೋನೇಟ್ 20 ಮಿಲಿಗ್ರಾಂ ತೆಗೆದುಕೊಳ್ಳಿ, ಅದು 0.078 ಮಿಲಿಮೋಲ್, ಅಂದರೆ ಸುಮಾರು 1200 ದ್ವಿಬಂಧಗಳಿಗೆ ಒಂದು ರೋಡಿಯಂ ಪರಮಾಣು. ಆ 20 ಮಿಲಿಗ್ರಾಂನಲ್ಲಿ ಇರುವ ರೋಡಿಯಂ ಲೋಹ ಕೇವಲ 8 ಮಿಲಿಗ್ರಾಂ. ಚಿನ್ನಕ್ಕಿಂತ ದುಬಾರಿಯಾದ ಲೋಹವಾದ್ದರಿಂದ ತೂಗುವ ಚಮಚಕ್ಕೆ ಅಂಟಿದ್ದನ್ನೂ ಟಾಲೂಯೀನ್‌ನಿಂದ ತೊಳೆದು ಪಾತ್ರೆಗೆ ಸೇರಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಕಲಿಸಬೇಕು.

ಟ್ರೈಫಿನೈಲ್‌ಫಾಸ್ಫೀನ್ 0.41 ಗ್ರಾಂ, ಅಂದರೆ ರೋಡಿಯಂನ 20 ಪಟ್ಟು ಮೋಲ್. ಇಷ್ಟೇಕೆ ಎಂಬ ಪ್ರಶ್ನೆ ಸಹಜ. ಫಾಸ್ಫೀನ್ ಸಾಕಷ್ಟಿದ್ದಾಗ ರೋಡಿಯಂ ಸುತ್ತ ಜಾಗ ಇಕ್ಕಟ್ಟಾಗಿ, ಆಲ್ಡಿಹೈಡ್ ವೈನೈಲ್ ಕೊಂಬೆಯ ತುದಿಯ ಇಂಗಾಲಕ್ಕೇ ಹೆಚ್ಚಾಗಿ ಸೇರುತ್ತದೆ. ದ್ವಿಬಂಧ ಒಳಗೆ ಸರಿದು ಜಾಗ ಬದಲಿಸುವುದು ಕಡಿಮೆಯಾಗುತ್ತದೆ. ಲೋಹ ಕಪ್ಪು ಪುಡಿಯಾಗಿ ಕೆಳಗೆ ಬೀಳುವುದೂ ತಪ್ಪುತ್ತದೆ. ಕ್ರಿಯೆಯ ವೇಗ ಸ್ವಲ್ಪ ಕುಗ್ಗುತ್ತದೆಂಬುದು ನಿಜ. ವೇಗ ಕುಗ್ಗಿದರೆ ನಿಲ್ಲಿಸುವುದು ಸುಲಭ ಎಂಬುದನ್ನು ನೆನಪಿಟ್ಟರೆ ಅದು ನಷ್ಟವಲ್ಲ.

ಎಷ್ಟು ಪ್ರತಿಶತ ದ್ವಿಬಂಧ ಬದಲಾಗಬೇಕು? ನಾನು 20 ಪ್ರತಿಶತಕ್ಕೆ ಗೆರೆ ಎಳೆಯುತ್ತೇನೆ, ಅಂಟಿನ ಉದ್ದೇಶಕ್ಕಾದರೆ 10 ಪ್ರತಿಶತವೂ ಸಾಕಾಗಬಹುದು. ಉಳಿದ ದ್ವಿಬಂಧಗಳು ಮುಂದೆ ಗಂಧಕದೊಂದಿಗೆ ವಲ್ಕನೈಸ್ ಆಗಲು ಬೇಕು. ಧ್ರುವೀಯ ಗುಂಪುಗಳು ಹೆಚ್ಚಾದಷ್ಟೂ ಗಾಜಿನಂತೆ ಗಡುಸಾಗುವ ಉಷ್ಣತೆ ಮೇಲೇರಿ ರಬ್ಬರ್ ತನ್ನ ರಬ್ಬರ್‌ತನವನ್ನೇ ಕಳೆದುಕೊಳ್ಳುತ್ತದೆ. ಆಲ್ಡಿಹೈಡ್‌ಗಳು ಒತ್ತೊತ್ತಾಗಿ ಕುಳಿತಷ್ಟೂ ಸರಪಳಿಗಳು ಹೆಣೆದುಕೊಳ್ಳುವ ಅಪಾಯ ಹೆಚ್ಚುತ್ತದೆ.

ಅನಿಲಗಳ ವಿಷಯ

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದೂ ಇಲ್ಲ. ತಲೆನೋವು ಬಂತೆಂದು ಗಮನಕ್ಕೆ ಬರುವ ಹೊತ್ತಿಗೆ ರಕ್ತದ ಹಿಮೋಗ್ಲೋಬಿನ್ ಅದನ್ನು ಹಿಡಿದುಕೊಂಡಾಗಿರುತ್ತದೆ. ಅದರ ಸಾಂದ್ರತೆ ಗಾಳಿಯದಕ್ಕೆ ಹತ್ತಿರವಿರುವುದರಿಂದ ಅದು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ಕೋಣೆಯಲ್ಲಿ ಬೆರೆತುಬಿಡುತ್ತದೆ. ಆದ್ದರಿಂದ 25 ಪಿಪಿಎಂಗೆ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗಕ್ಕೆ) ಕೂಗುವಂತೆ ಹೊಂದಿಸಿದ ಸೂಚಕವನ್ನು ಉಸಿರಾಡುವ ಎತ್ತರದಲ್ಲಿ ಗೋಡೆಗೆ ಒಂದು, ಅಂಗಿಯ ಮೇಲೆ ಒಂದು ಇಟ್ಟುಕೊಳ್ಳಬೇಕು. ಹೈಡ್ರೋಜನ್ ಗಾಳಿಯಲ್ಲಿ 4ರಿಂದ 75 ಪ್ರತಿಶತದವರೆಗೆ ಹೊತ್ತಿಕೊಳ್ಳಬಲ್ಲದು. ಟಾಲೂಯೀನ್ ಆವಿ ನಮ್ಮ ಊರಿನ ಚಳಿಗಾಲದ ಬೆಳಗಿನಲ್ಲೂ ಹೊತ್ತಿಕೊಳ್ಳಲು ಸಿದ್ಧವಾಗಿರುತ್ತದೆ, ಏಕೆಂದರೆ ಅದರ ಜ್ವಲನಬಿಂದು 4 ಡಿಗ್ರಿಯ ಸುಮಾರಿನಲ್ಲಿದೆ. ಚೆನ್ನಾಗಿ ಎಳೆಯುವ ಫ್ಯೂಮ್ ಹುಡ್ ಇಲ್ಲದ, ಸೂಚಕವಿಲ್ಲದ, ಒಬ್ಬರೇ ಇರುವ ಪ್ರಯೋಗಾಲಯದಲ್ಲಿ ಇದನ್ನು ಮಾಡಲೇಬಾರದು. ಭಾನುವಾರ ಯಾರೂ ಇಲ್ಲದಾಗ ಮುಗಿಸಿಬಿಡುತ್ತೇನೆ ಎನ್ನುವ ವಿದ್ಯಾರ್ಥಿಗೆ ನಾನು ಎಂದೂ ಅನುಮತಿ ಕೊಟ್ಟಿಲ್ಲ.

ಎರಡು ಅನಿಲಗಳನ್ನು ಸಮಪ್ರಮಾಣದಲ್ಲಿ ಬೆರೆಸಿದ ಒಂದೇ ಸಿಲಿಂಡರ್ ತರಿಸುವುದು ಮೇಲು. ಕ್ರಿಯೆಯಲ್ಲಿ ಎರಡೂ ಒಂದಕ್ಕೊಂದರಂತೆ ಖರ್ಚಾಗುವುದರಿಂದ ಪಾತ್ರೆಯೊಳಗಿನ ಪ್ರಮಾಣ ಕೊನೆಯವರೆಗೂ ಬದಲಾಗದೆ ಉಳಿಯುತ್ತದೆ. ಇನ್ನೊಂದು ಸೂಕ್ಷ್ಮವನ್ನು ಬಹಳ ಮಂದಿ ಗಮನಿಸುವುದಿಲ್ಲ: ಉಕ್ಕಿನ ಸಿಲಿಂಡರಿನಲ್ಲಿ ಬಹುಕಾಲ ಕುಳಿತ ಕಾರ್ಬನ್ ಮಾನಾಕ್ಸೈಡ್ ಉಕ್ಕಿನ ಕಬ್ಬಿಣದೊಂದಿಗೆ ಕೂಡಿ ಕಬ್ಬಿಣದ ಪೆಂಟಾಕಾರ್ಬೊನೈಲ್ ಎಂಬ ವಿಷಕಾರಿ ವಸ್ತುವನ್ನು ಸ್ವಲ್ಪಸ್ವಲ್ಪವೇ ಮಾಡುತ್ತದೆ. ಸಿಲಿಂಡರ್ ಮತ್ತು ಆಟೋಕ್ಲೇವ್ ನಡುವೆ ಸಕ್ರಿಯ ಇದ್ದಿಲು ತುಂಬಿದ ಸಣ್ಣ ಕೊಳವೆಯನ್ನು ಜೋಡಿಸಿದರೆ ಆ ವಿಷ ಅಲ್ಲಿಯೇ ಉಳಿಯುತ್ತದೆ.

ಕರಗಿಸುವುದು, ಗಾಳಿ ಹೊರಹಾಕುವುದು

ಪಾಲಿಮರನ್ನು ಕತ್ತರಿಯಿಂದ ಕಡಲೆಕಾಳಿನಷ್ಟು ಸಣ್ಣ ತುಂಡುಗಳಾಗಿ ಕತ್ತರಿಸಿ, ಹಿಂದಿನ ಸಂಜೆಯೇ ಟಾಲೂಯೀನ್‌ನಲ್ಲಿ ನೆನೆಯಲು ಬಿಡಿ. ಬೆಳಿಗ್ಗೆ ತುಂಡುಗಳು ಉಬ್ಬಿ, ಅಂಚುಗಳು ಮಸುಕಾಗಿ, ಮೆಲ್ಲಗೆ ಕಲಕಿದರೆ ಒಂದೇ ಹದದ ದ್ರಾವಣವಾಗುತ್ತವೆ. ಕಾಯಿಸಿ ಅವಸರ ಮಾಡಿದರೆ ಹೊರಮೈ ಕರಗಿ ನಡುವೆ ಗಂಟು ಉಳಿಯುತ್ತದೆ. ದ್ರಾವಣವನ್ನು ಬೆಳಕಿಗೆ ಹಿಡಿದು ನೋಡಿ, ಗಂಟು ಅಥವಾ ಪೊರೆ ಕಂಡರೆ ಸೂಕ್ಷ್ಮ ಜಾಲರಿಯಲ್ಲಿ ಸೋಸಿ. ಕರಗದ ಜೆಲ್ (ಸರಪಳಿಗಳು ಹೆಣೆದುಕೊಂಡ ಮುದ್ದೆ) ಆರಂಭದಲ್ಲಿಯೇ ಇದ್ದರೆ ಕೊನೆಗೆ ಸಿಕ್ಕ ಜೆಲ್ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಬೆಳಗಾವಿಯ ಮಳೆಗಾಲದಲ್ಲಿ ಗಾಳಿಯ ತೇವ ದ್ರಾವಕಕ್ಕೆ ಸೇರುತ್ತದೆಂದು ಚಿಂತಿಸುವವರಿದ್ದಾರೆ. ಆಣ್ವಿಕ ಜರಡಿಯ ಮೇಲೆ ಟಾಲೂಯೀನ್ ಇಡುವುದು ಒಳ್ಳೆಯದೇ, ಆದರೆ ಈ ಕ್ರಿಯೆಗೆ ನೀರು ದೊಡ್ಡ ಶತ್ರುವಲ್ಲ. 1984ರಿಂದ ಅದೇ ಓಬರ್‌ಹೌಸನ್‌ನಲ್ಲಿ ನೀರಿನಲ್ಲಿ ಕರಗುವ ಫಾಸ್ಫೀನ್ ಬಳಸಿ ನೀರಿನಲ್ಲಿಯೇ ಪ್ರೊಪಿಲೀನಿನ ಹೈಡ್ರೋಫಾರ್ಮೈಲೇಶನ್ ನಡೆಸಿದ್ದಾರೆ. ನಿಜವಾದ ಶತ್ರು ಆಮ್ಲಜನಕ. ಅದು ಫಾಸ್ಫೀನನ್ನು ಫಾಸ್ಫೀನ್ ಆಕ್ಸೈಡ್ ಮಾಡಿ ನಿಷ್ಪ್ರಯೋಜಕಗೊಳಿಸುತ್ತದೆ, ರಬ್ಬರಿನಲ್ಲಿ ಪೆರಾಕ್ಸೈಡ್ ಹುಟ್ಟಿಸುತ್ತದೆ. ದ್ರಾವಣದೊಳಗೆ ಅರ್ಧ ಗಂಟೆ ನೈಟ್ರೋಜನ್ ಗುಳ್ಳೆ ಹಾಯಿಸಿ, ಆಮೇಲೆ ಮಾತ್ರ ಫಾಸ್ಫೀನ್ ಮತ್ತು ರೋಡಿಯಂ ಸೇರಿಸಿ, ತಡಮಾಡದೆ ಆಟೋಕ್ಲೇವ್ ಮುಚ್ಚಿ.

ಮುಚ್ಚಿದ ಪಾತ್ರೆಗೆ ನೈಟ್ರೋಜನ್ ಅನ್ನು 25 ಬಾರ್‌ಗೆ ತುಂಬಿ ಅರ್ಧ ಗಂಟೆ ಬಿಡಬೇಕು. ಪ್ರತಿಯೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿ. ಒತ್ತಡದ ಗೇಜಿನ ಮುಳ್ಳು ಒಂದು ಕೂದಲೆಳೆಯಷ್ಟು ಸರಿದರೂ ಮುಂದೆ ಹೋಗಬೇಡಿ. ಸೋರಿಕೆಯಿಲ್ಲವೆಂದು ಖಚಿತವಾದ ಮೇಲೆ ನೈಟ್ರೋಜನ್ ಬಿಟ್ಟು, 5 ಬಾರ್‌ಗೆ ತುಂಬಿ ಬಿಡುವುದನ್ನು ಮೂರು ಸಲ ಮಾಡಿ, ಮಿಶ್ರ ಅನಿಲದಿಂದ ಇನ್ನೂ ಎರಡು ಸಲ ಹಾಗೆಯೇ ಮಾಡಿ. ಬಿಟ್ಟ ಅನಿಲದ ಕೊಳವೆಯ ತುದಿ ಹುಡ್‌ನ ಒಳಗೆ ಹಿಂಬದಿಯಲ್ಲಿರಬೇಕು.

ಕ್ರಿಯೆ ನಡೆಸುವುದು ಮತ್ತು ನಿಲ್ಲಿಸುವುದು

ಕೋಣೆಯ ಉಷ್ಣತೆಯಲ್ಲಿ ಮಿಶ್ರ ಅನಿಲವನ್ನು ಗೇಜಿನಲ್ಲಿ 14 ಬಾರ್ ತೋರುವಂತೆ ತುಂಬಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ವಾಯುಭಾರ 0.92 ಬಾರ್ ಆಸುಪಾಸಿನಲ್ಲಿರುತ್ತದೆ. ಒಟ್ಟು ಒತ್ತಡ ಬೇಕಾದಾಗ ಗೇಜಿನ ಅಂಕಿಗೆ ಅಷ್ಟನ್ನು ಕೂಡಿಸಬೇಕು. ಕ್ರಿಯೆಯ ಲೆಕ್ಕಕ್ಕೆ ನಾವು ಬಳಸುವುದು ಒತ್ತಡದ ಕುಸಿತವನ್ನು ಮಾತ್ರ, ಆದ್ದರಿಂದ ಅಲ್ಲಿ ಎತ್ತರ ತೊಡಕಾಗುವುದಿಲ್ಲ. ಕಲಕುವ ದಂಡವನ್ನು ನಿಮಿಷಕ್ಕೆ 700 ಸುತ್ತಿನ ಸುಮಾರಿಗೆ ತಿರುಗಿಸುತ್ತ 80 ಡಿಗ್ರಿಗೆ ಕಾಯಿಸಿ. ಒತ್ತಡ 17 ಬಾರ್ ಹತ್ತಿರ ಬರುತ್ತದೆ.

ಕಲಕುವಿಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಪಾಲಿಮರ್ ದ್ರಾವಣದಲ್ಲಿ ತೊಂದರೆಗಳು ಬಹುಪಾಲು ಅಲ್ಲಿಂದಲೇ ಬರುತ್ತವೆ. ಸಣ್ಣ ಅಣುಗಳ ತೆಳುವಾದ ದ್ರಾವಣದೊಳಗೆ ಅನಿಲ ತಾನಾಗಿಯೇ ಕರಗುತ್ತದೆ. ಪಾಲಿಮರ್ ದ್ರಾವಣ ಜೇನಿನಂತೆ ದಪ್ಪವಾಗಿದ್ದರೆ ಮೇಲ್ಮೈಯ ಅನಿಲ ತಳಕ್ಕೆ ಇಳಿಯುವುದೇ ಇಲ್ಲ. ತಳದಲ್ಲಿ ಕಾರ್ಬನ್ ಮಾನಾಕ್ಸೈಡ್ ಇಲ್ಲದೆ ಹಸಿದ ರೋಡಿಯಂ ಸುಮ್ಮನಿರುವುದಿಲ್ಲ. ದ್ವಿಬಂಧವನ್ನು ಒಳಕ್ಕೆ ಸರಿಸುತ್ತದೆ, ಇಲ್ಲವೇ ಹೈಡ್ರೋಜನ್ ಒಂದನ್ನೇ ಸೇರಿಸಿ ಬರಿದೆ ಸಂತೃಪ್ತಗೊಳಿಸುತ್ತದೆ. ಆಲ್ಡಿಹೈಡ್ ಕಡಿಮೆ ಬಂದಿದೆಯೆಂದು ಕ್ರಿಯಾವರ್ಧಕವನ್ನು ಹೆಚ್ಚಿಸುವವರು ತಪ್ಪು ಜಾಗದಲ್ಲಿ ಮದ್ದು ಹುಡುಕುತ್ತಿದ್ದಾರೆ. ಪಾಲಿಮರ್ ಪ್ರಮಾಣವನ್ನು 5 ಪ್ರತಿಶತದ ಆಸುಪಾಸಿನಲ್ಲಿಯೇ ಇಡಿ, ಅನಿಲವನ್ನು ಮೇಲಿನಿಂದ ಹೀರಿ ದ್ರವದೊಳಗೆ ಚೆಲ್ಲುವ ಟೊಳ್ಳು ದಂಡವಿದ್ದರೆ ಅದನ್ನೇ ಬಳಸಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಇಲ್ಲಿ ಅಪರೂಪವಲ್ಲವಾದ್ದರಿಂದ ಕಲಕುವ ಮೋಟರನ್ನು ಯುಪಿಎಸ್‌ಗೆ ಜೋಡಿಸಿ, ಮೋಟರ್ ನಿಂತರೆ ಹೀಟರ್ ತಾನಾಗಿಯೇ ಆರುವಂತೆ ರಿಲೇ ಹಾಕಿಸುವುದನ್ನು ನಾನು ಕಡ್ಡಾಯವೆಂದೇ ಭಾವಿಸುತ್ತೇನೆ.

ಈಗ ನಿಲ್ಲಿಸುವ ಲೆಕ್ಕ. 92 ಮಿಲಿಮೋಲ್‌ನ 20 ಪ್ರತಿಶತವೆಂದರೆ 18.5 ಮಿಲಿಮೋಲ್ ಆಲ್ಡಿಹೈಡ್. ಅದಕ್ಕೆ ಅಷ್ಟೇ ಕಾರ್ಬನ್ ಮಾನಾಕ್ಸೈಡ್, ಅಷ್ಟೇ ಹೈಡ್ರೋಜನ್, ಒಟ್ಟು 37 ಮಿಲಿಮೋಲ್ ಅನಿಲ ಖರ್ಚಾಗಬೇಕು. ದ್ರಾವಣದ ಮೇಲೆ ಉಳಿದ ಖಾಲಿ ಜಾಗ ಸುಮಾರು 190 ಮಿಲಿಲೀಟರ್. 80 ಡಿಗ್ರಿಯಲ್ಲಿ ಆದರ್ಶ ಅನಿಲದ ಸಮೀಕರಣದಂತೆ ಇದು 5.7 ಬಾರ್ ಕುಸಿತಕ್ಕೆ ಸಮ. ಆದರೆ ಒತ್ತಡ ಇಳಿದಂತೆ ದ್ರಾವಣದಲ್ಲಿ ಕರಗಿದ್ದ ಅನಿಲ ಸ್ವಲ್ಪ ಹೊರಬಂದು ಕುಸಿತವನ್ನು ಮರೆಮಾಡುವುದರಿಂದ ನಾನು 5 ಬಾರ್ ಇಳಿದಾಗಲೇ ನಿಲ್ಲಿಸುತ್ತೇನೆ. ಕಲಕಲು ಆರಂಭಿಸಿದ ಕೂಡಲೇ ಕಾಣುವ ಮೊದಲ ಇಳಿತ ಅನಿಲ ಕರಗಿದ್ದರಿಂದ ಆದದ್ದು, ಕ್ರಿಯೆಯಿಂದಲ್ಲ. ಅದಕ್ಕಾಗಿ ಅನಿಲ ತುಂಬಿದ ಮೇಲೆ ಕಾಯಿಸುವ ಮೊದಲೇ ಹತ್ತು ನಿಮಿಷ ಚೆನ್ನಾಗಿ ಕಲಕಿ, ಕಾದು ಉಷ್ಣತೆ 80ಕ್ಕೆ ನಿಂತ ಕೂಡಲೇ ಆ ಕ್ಷಣದ ಅಂಕಿಯನ್ನು ಆರಂಭವೆಂದು ಬರೆದುಕೊಳ್ಳಿ. ಅಲ್ಲಿಂದ ಮುಂದೆ ಐದು ನಿಮಿಷಕ್ಕೊಮ್ಮೆ ಒತ್ತಡ ಮತ್ತು ಉಷ್ಣತೆ ಎರಡನ್ನೂ ದಾಖಲಿಸಿ. ಗಡಿಯಾರದ ಮಾತು ಕೇಳಬೇಡಿ, ಗೇಜಿನ ಮಾತು ಕೇಳಿ. ಒಂದೇ ದರ್ಜೆಯ ಪಾಲಿಮರ್ ಆದರೂ ಬೇರೆ ಚೀಲದಿಂದ ಬಂದಾಗ ಸಮಯ ಬದಲಾಗುವುದನ್ನು ನಾನು ಕಂಡಿದ್ದೇನೆ.

ಗುರಿ ಮುಟ್ಟಿದೊಡನೆ ಹೀಟರ್ ತೆಗೆದು ಪಾತ್ರೆಯನ್ನು ತಣ್ಣೀರಿನಲ್ಲಿ ಇಳಿಸಿ, 30 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ವಾಲ್ವನ್ನು ಬಹಳ ನಿಧಾನವಾಗಿ ತೆರೆಯಿರಿ. ಬೇಗ ತೆರೆದರೆ ದಪ್ಪ ದ್ರಾವಣ ನೊರೆಯೆದ್ದು ಕೊಳವೆಯೊಳಗೆ ನುಗ್ಗುತ್ತದೆ, ಆಮೇಲೆ ಅದನ್ನು ಶುಚಿಗೊಳಿಸಲು ಎರಡು ದಿನ ಬೇಕು. ನೈಟ್ರೋಜನ್‌ನಿಂದ ಮೂರು ಸಲ ತೊಳೆದು, ಸೂಚಕ ಶೂನ್ಯ ತೋರಿಸಿದ ಮೇಲಷ್ಟೇ ಮುಚ್ಚಳ ತೆಗೆಯಬೇಕು.

ಆಲ್ಡಿಹೈಡನ್ನು ಹಾಗೆಯೇ ಇಡಬೇಡಿ

ತಿಳಿ ಹಳದಿಯಿಂದ ಕಂದು ಬಣ್ಣದ ದ್ರಾವಣ ಸಿಕ್ಕಿರುತ್ತದೆ. ಅದಕ್ಕೆ 25 ಮಿಲಿಗ್ರಾಂ ಬಿಎಚ್‌ಟಿ ಉತ್ಕರ್ಷಣ ನಿರೋಧಕ ಸೇರಿಸಿ, ಐಸಿನಲ್ಲಿ ತಣಿಸಿದ 600 ಮಿಲಿಲೀಟರ್ ಮೆಥನಾಲಿಗೆ ಸಣ್ಣ ಧಾರೆಯಾಗಿ ಸುರಿಯಿರಿ. ಪಾಲಿಮರ್ ಬಿಳಿಯ ಎಳೆಗಳಾಗಿ, ಬಿಸಿಲಿಗೆ ಹಾಕುವ ಮುನ್ನ ಹೊಸೆದ ಹಸಿ ಶ್ಯಾವಿಗೆಯಂತೆ, ಗಾಜಿನ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಫಾಸ್ಫೀನ್ ಮತ್ತು ರೋಡಿಯಂನ ಒಂದು ಭಾಗ ಮೆಥನಾಲಿನಲ್ಲಿ ಉಳಿಯುತ್ತವೆ. ಆ ದ್ರವವನ್ನು ಚೆಲ್ಲದೆ, ಲೋಹವನ್ನು ಮರಳಿ ಪಡೆಯಲು ಬೇರೆ ಬಾಟಲಿಯಲ್ಲಿ ಕೂಡಿಡಿ.

ಇಲ್ಲಿ ನಮಗಾದ ಒಂದು ನಷ್ಟವನ್ನು ಹೇಳಲೇಬೇಕು. ಮೊದಲ ವರ್ಷ, ಗಣೇಶ ಚೌತಿಯ ಹಿಂದಿನ ದಿನ ಹೀಗೆಯೇ ತೆಗೆದ ಎಳೆಗಳನ್ನು ನಿರ್ವಾತದಲ್ಲಿ ಒಣಗಿಸಿ, ಬಾಟಲಿಯಲ್ಲಿ ಹಾಕಿ, ಫ್ರಿಜ್ಜಿನಲ್ಲಿಟ್ಟು ಊರಿಗೆ ಹೋದೆವು. ಇನ್‌ಫ್ರಾರೆಡ್ ರೋಹಿತ ಅಂದಿನ ಮಟ್ಟಿಗೆ ಅತ್ಯುತ್ತಮವಾಗಿತ್ತು. ವಿಸರ್ಜನೆ ಮುಗಿಸಿ ಬಂದು ಒಂದು ತುಂಡನ್ನು ಟಾಲೂಯೀನ್‌ಗೆ ಹಾಕಿದರೆ ಅದು ಉಬ್ಬಿ, ಅಂಚು ಸ್ಪಷ್ಟವಾಗಿಯೇ ಉಳಿದು, ಮರುದಿನವೂ ಹಾಗೆಯೇ ಕುಳಿತಿತ್ತು. ಕಡ್ಡಿಯಿಂದ ಒತ್ತಿದರೆ ಬಳುಕಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತಿತ್ತು. ಐದು ಗ್ರಾಂ ಪಾಲಿಮರ್, ಅದರಲ್ಲಿ ಸಿಕ್ಕಿಕೊಂಡ ರೋಡಿಯಂ, ಮೂರು ದಿನದ ಕೆಲಸ ಎಲ್ಲವೂ ಆ ಒಂದು ಜೆಲ್ ಆಗಿತ್ತು.

ಕಾರಣ ಹೀಗಿದೆ. ಆಲ್ಡಿಹೈಡ್ ಪಕ್ಕದ ಇಂಗಾಲದ ಮೇಲೆ ಹೈಡ್ರೋಜನ್ ಇರುವುದರಿಂದ ಆಮ್ಲ ಅಥವಾ ಪ್ರತ್ಯಾಮ್ಲದ ಲೇಶವಿದ್ದರೂ ಒಂದು ಸರಪಳಿಯ ಆಲ್ಡಿಹೈಡ್ ಇನ್ನೊಂದರ ಆಲ್ಡಿಹೈಡ್ ಜೊತೆ ಆಲ್ಡಾಲ್ ಸಂಘನನ ಹೊಂದುತ್ತದೆ. ಗಾಳಿಯ ಆಮ್ಲಜನಕ ಕೆಲವು ಆಲ್ಡಿಹೈಡ್‌ಗಳನ್ನು ಕಾರ್ಬಾಕ್ಸಿಲಿಕ್ ಆಮ್ಲ ಮಾಡುತ್ತದೆ, ಆ ಆಮ್ಲವೇ ಮತ್ತೆ ಈ ಹೆಣಿಗೆಗೆ ನೆರವಾಗುತ್ತದೆ. ಸಾವಿರಾರು ಘಟಕಗಳ ಸರಪಳಿಗೆ ಸರಾಸರಿ ಒಂದೇ ಒಂದು ಅಡ್ಡಕೊಂಡಿ ಬಿದ್ದರೂ ಜೆಲ್ ಕಾಣಿಸಿಕೊಳ್ಳತೊಡಗುತ್ತದೆ. ನೂರರಲ್ಲಿ ಇಪ್ಪತ್ತು ಘಟಕಗಳಲ್ಲಿ ಆಲ್ಡಿಹೈಡ್ ಇಟ್ಟುಕೊಂಡ ಪಾಲಿಮರಿಗೆ ಅಷ್ಟು ಅವಕಾಶ ಸಿಗದಿರುವುದೇ ಆಶ್ಚರ್ಯ.

ಆದ್ದರಿಂದ ಎಳೆಗಳನ್ನು ಒಣಗಿಸಬೇಡಿ. ಕೈಗವಸು ಹಾಕಿ ಹಿಂಡಿ, ಮೆಥನಾಲ್ ಹಸಿ ಇರುವಾಗಲೇ 100 ಮಿಲಿಲೀಟರ್ ಟೆಟ್ರಾಹೈಡ್ರೋಫ್ಯೂರಾನ್‌ನಲ್ಲಿ ಕರಗಿಸಿ. ಈ ದ್ರಾವಕದ ಹಳೆಯ ಬಾಟಲಿಯಲ್ಲಿ ಪೆರಾಕ್ಸೈಡ್ ಇರಬಹುದು, ಬಳಸುವ ಮೊದಲು ಪರೀಕ್ಷಾ ಪಟ್ಟಿಯಿಂದ ನೋಡಿಕೊಳ್ಳಬೇಕು. ಒಂದು ಹನಿಯನ್ನು ಉಪ್ಪಿನ ತಟ್ಟೆಯ ಮೇಲೆ ಆರಿಸಿ ಇನ್‌ಫ್ರಾರೆಡ್ ರೋಹಿತ ತೆಗೆಯಿರಿ: 1725 ಸೆಂ.ಮೀ⁻¹ ಬಳಿ ಕಾರ್ಬೊನೈಲ್ ಪಟ್ಟಿ, 2710ರ ಬಳಿ ಆಲ್ಡಿಹೈಡ್ ಹೈಡ್ರೋಜನ್‌ನ ಸಣ್ಣ ಪಟ್ಟಿ ಎರಡೂ ಕಾಣಬೇಕು, ವೈನೈಲ್‌ನ 910ರ ಪಟ್ಟಿ ಕುಗ್ಗಿರಬೇಕು. 1725 ಇದ್ದು 2710 ಇಲ್ಲದಿದ್ದರೆ ಅದು ಆಲ್ಡಿಹೈಡ್ ಎಂದು ನಂಬುವ ಮೊದಲು ಯೋಚಿಸಿ. ಗಾಳಿಯಿಂದ ಆದ ಆಮ್ಲ, ಕೀಟೋನ್‌ಗಳೂ ಅದೇ ಜಾಗದ ಸುತ್ತ ಪಟ್ಟಿ ಕೊಡುತ್ತವೆ.

ದ್ರಾವಣವನ್ನು ಐಸಿನಲ್ಲಿಟ್ಟು, ಕಲಕುತ್ತ, 0.5 ಗ್ರಾಂ ಸೋಡಿಯಂ ಬೋರೋಹೈಡ್ರೈಡ್ ಅನ್ನು ನಾಲ್ಕೈದು ಬಾರಿಗೆ ಹಂಚಿ ಹಾಕಿ. ಲೆಕ್ಕದಂತೆ 18.5 ಮಿಲಿಮೋಲ್ ಆಲ್ಡಿಹೈಡ್‌ಗೆ 0.18 ಗ್ರಾಂ ಸಾಕು, ಏಕೆಂದರೆ ಒಂದು ಬೋರೋಹೈಡ್ರೈಡ್ ನಾಲ್ಕು ಆಲ್ಡಿಹೈಡ್‌ಗಳನ್ನು ಅಪಕರ್ಷಿಸುತ್ತದೆ. ಉಳಿದದ್ದು ಮೆಥನಾಲಿನೊಂದಿಗೆ ಹೈಡ್ರೋಜನ್ ಆಗಿ ಹೋಗುವ ಭಾಗ. ಆ ಹೈಡ್ರೋಜನ್‌ಗೆ ಹೊರಹೋಗಲು ದಾರಿ ಇರಬೇಕು, ಪಾತ್ರೆಯನ್ನು ಬಿಗಿಯಾಗಿ ಮುಚ್ಚಬಾರದು. ಮೂರು ಗಂಟೆಯ ನಂತರ ಮೊದಲು ಅಸಿಟೋನ್ 5 ಮಿಲಿಲೀಟರ್ ಹಾಕಿ ಅರ್ಧ ಗಂಟೆ ಬಿಡಿ, ಆಮೇಲೆ ಮಾತ್ರ ಸಾರರಿಕ್ತ ಅಸಿಟಿಕ್ ಆಮ್ಲ. ಈ ಕ್ರಮವನ್ನು ಬದಲಿಸಬೇಡಿ: ಉಳಿದ ಬೋರೋಹೈಡ್ರೈಡಿಗೆ ನೇರವಾಗಿ ಆಮ್ಲ ಬಿದ್ದರೆ ಬೋರಾನಿನ ಕ್ರಿಯಾಶೀಲ ರೂಪಗಳು ಹುಟ್ಟಿ, ನಾವು ಜೋಪಾನವಾಗಿ ಉಳಿಸಿಕೊಂಡ ದ್ವಿಬಂಧಗಳಿಗೇ ಸೇರಿಕೊಳ್ಳಬಹುದು. ನಂತರ ನೀರು ಬೆರೆಸಿದ ಮೆಥನಾಲಿನಲ್ಲಿ ಮತ್ತೆ ಅವಕ್ಷೇಪಿಸಿ, ತೊಳೆದು, 25 ಮಿಲಿಗ್ರಾಂ ಬಿಎಚ್‌ಟಿ ಮತ್ತೊಮ್ಮೆ ಸೇರಿಸಿ, 40 ಡಿಗ್ರಿ ಮೀರದಂತೆ ನಿರ್ವಾತದಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ಈಗ 1725ರ ಪಟ್ಟಿ ಮಾಯವಾಗಿ, 3350ರ ಸುತ್ತ ಅಗಲವಾದ ಹೈಡ್ರಾಕ್ಸಿಲ್ ಪಟ್ಟಿ ಬಂದಿರುತ್ತದೆ. ಈ ರೂಪದ ಪಾಲಿಮರ್ ತಿಂಗಳುಗಟ್ಟಲೆ ಕರಗುವಂತೆಯೇ ಉಳಿಯುತ್ತದೆ. ಆಲ್ಡಿಹೈಡನ್ನು ಅಮೈನ್ ಅಥವಾ ಆಕ್ಸೈಮ್ ಆಗಿಯೂ ಬದಲಿಸಬಹುದು, ಆದರೆ ಆರಂಭಿಸುವವರಿಗೆ ಹೈಡ್ರಾಕ್ಸಿಲ್ ಸುಗಮ.

ಎಣಿಸುವುದು

ಹೈಡ್ರೋಜನ್‌ಗಳನ್ನು ಅವು ಇರುವ ಜಾಗದಂತೆ ಬೇರೆಬೇರೆಯಾಗಿ ತೋರಿಸುವ ಎನ್‌ಎಂಆರ್ ಯಂತ್ರ ನಮ್ಮಲ್ಲಿ ಎಲ್ಲ ಕಾಲೇಜುಗಳಲ್ಲೂ ಇಲ್ಲದಿರುವುದರಿಂದ ಮಾದರಿಯನ್ನು ಧಾರವಾಡಕ್ಕೋ ಬೆಂಗಳೂರಿಗೋ ಕಳುಹಿಸಬೇಕಾಗುತ್ತದೆ. ಕಳುಹಿಸುವುದು ಹೈಡ್ರಾಕ್ಸಿಲ್ ರೂಪವನ್ನೇ ಆಗಿರಲಿ. ಆಲ್ಡಿಹೈಡ್ ರೂಪ ದಾರಿಯಲ್ಲಿಯೇ ಜೆಲ್ ಆಗಬಹುದು, ಮತ್ತು ಅಲ್ಲಿ ಬಳಸುವ ಡ್ಯುಟೀರಿಯೇಟೆಡ್ ಕ್ಲೋರೋಫಾರ್ಮ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಲೇಶವಿರುವುದು ಸಾಮಾನ್ಯ. ರೋಹಿತದಲ್ಲಿ 9.5ರಿಂದ 9.8 ಪಿಪಿಎಂ (ಇಲ್ಲಿ ಇದು ರೋಹಿತದ ಮೇಲಿನ ಸ್ಥಾನದ ಅಳತೆ) ನಡುವೆ, ಆಲ್ಡಿಹೈಡಿನ ಜಾಗದಲ್ಲಿ, ಏನೂ ಉಳಿದಿರಬಾರದು. 3.4ರಿಂದ 3.7ರ ನಡುವಿನ ವಿಸ್ತೀರ್ಣ ಹೈಡ್ರಾಕ್ಸಿಲ್ ಹೊತ್ತ ಇಂಗಾಲದ ಎರಡು ಹೈಡ್ರೋಜನ್‌ಗಳದು. 4.9ರ ಬಳಿಯದು ವೈನೈಲ್ ತುದಿಯ ಎರಡು ಹೈಡ್ರೋಜನ್‌ಗಳದು. 5.4ರ ಸುತ್ತಲಿನದರಲ್ಲಿ ವೈನೈಲ್‌ನ ಇನ್ನೊಂದು ಹೈಡ್ರೋಜನ್ ಮತ್ತು 1,4 ಘಟಕದ ಎರಡು ಹೈಡ್ರೋಜನ್‌ಗಳು ಬೆರೆತಿರುತ್ತವೆ.

ಈ ಮೂರು ವಿಸ್ತೀರ್ಣಗಳು ಕ್ರಮವಾಗಿ 2.0, 7.0, 4.5 ಬಂದವೆಂದುಕೊಳ್ಳಿ. ಮಾರ್ಪಟ್ಟ ಘಟಕ 2.0ರ ಅರ್ಧ, ಅಂದರೆ 1.0. ವೈನೈಲ್ 7.0ರ ಅರ್ಧ, 3.5. ಆ 3.5ನ್ನು 4.5ರಿಂದ ಕಳೆದರೆ ಉಳಿಯುವ 1.0ರ ಅರ್ಧ, 0.5, ಅದು 1,4 ಘಟಕ. ಒಟ್ಟು 5.0ರಲ್ಲಿ 1.0 ಎಂದರೆ 20 ಪ್ರತಿಶತ. ಇಲ್ಲಿ ಒಂದು ಬಲೆಯಿದೆ: ಒಣಗದೆ ಉಳಿದ ಮೆಥನಾಲ್ 3.49ರಲ್ಲಿಯೂ, ಟೆಟ್ರಾಹೈಡ್ರೋಫ್ಯೂರಾನ್ 3.76ರಲ್ಲಿಯೂ ಬಂದು ನಮ್ಮ ಹೈಡ್ರಾಕ್ಸಿಲ್ ಪಟ್ಟಿಯ ಎರಡೂ ಬದಿಗೆ ಕುಳಿತುಕೊಳ್ಳುತ್ತವೆ. ಟೆಟ್ರಾಹೈಡ್ರೋಫ್ಯೂರಾನ್ ಇದ್ದರೆ 1.85ರಲ್ಲಿ ಅದರ ಜೊತೆಗಾರ ಪಟ್ಟಿ ಇರುತ್ತದೆ. ನಿರೀಕ್ಷೆಗಿಂತ ಹೆಚ್ಚು ಮಾರ್ಪಾಡು ಕಂಡರೆ ಸಂತೋಷಪಡುವ ಮೊದಲು ಮಾದರಿಯನ್ನು ಇನ್ನೊಂದು ದಿನ ಒಣಗಿಸಿ.

ಜೆಲ್ ಅಳತೆಗೆ ಯಂತ್ರ ಬೇಡ. 0.2 ಗ್ರಾಂ ಪಾಲಿಮರನ್ನು ತೂಗಿದ ಸ್ಟೀಲ್ ಜಾಲರಿಯ ಪೊಟ್ಟಣದಲ್ಲಿ ಕಟ್ಟಿ, ಟಾಲೂಯೀನ್‌ನಲ್ಲಿ 24 ಗಂಟೆ ತೂಗುಹಾಕಿ, ತೆಗೆದು ಒಣಗಿಸಿ ತೂಗಿದರೆ ಉಳಿದದ್ದೇ ಜೆಲ್. ಸರಪಳಿ ತುಂಡಾಗಿದೆಯೇ ಎಂಬುದಕ್ಕೆ ಮಾರ್ಪಾಡಿಗೆ ಮೊದಲಿನ ಮತ್ತು ನಂತರದ ದ್ರಾವಣಗಳ ಸ್ನಿಗ್ಧತೆಯನ್ನು ಉಬೆಲೋಡೆ ಕೊಳವೆಯಲ್ಲಿ ಹೋಲಿಸಬಹುದು; ಸ್ಪಷ್ಟ ಉತ್ತರ ಬೇಕಾದರೆ ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಪರ್ಮಿಯೇಶನ್ ಕ್ರೊಮ್ಯಾಟೋಗ್ರಫಿಯೇ ಬೇಕು.

ಮೋಲ್ಡಿಂಗ್ ಘಟಕದಲ್ಲಿ ಪರೀಕ್ಷಿಸುವುದು

ಇಡೀ ಕಾಂಪೌಂಡನ್ನು, ಅಂದರೆ ಅಚ್ಚಿಗೆ ಹಾಕುವ ರಬ್ಬರ್ ಮಿಶ್ರಣವನ್ನು, ಈ ಪಾಲಿಮರಿನಿಂದಲೇ ಮಾಡುವುದು ಬೆಲೆಯ ದೃಷ್ಟಿಯಿಂದ ಆಗದ ಮಾತು. ನೂರು ಭಾಗ ಬ್ಯುಟಾಡೈಯೀನ್ ಆಧಾರಿತ ರಬ್ಬರಿಗೆ ಐದು ಭಾಗ ಬೆರೆಸಿ, ಅದೇ ಕಾಂಪೌಂಡನ್ನು ಅದಿಲ್ಲದೆಯೂ ಮಾಡಿ, ಎರಡನ್ನೂ ಒಂದೇ ದಿನ, ಒಂದೇ ಅಚ್ಚಿನಲ್ಲಿ, ಒಂದೇ ಬಗೆಯಲ್ಲಿ ಗ್ರಿಟ್ ಬ್ಲಾಸ್ಟ್ ಮಾಡಿ ಜಿಡ್ಡು ತೆಗೆದ ಉಕ್ಕಿನ ಪಟ್ಟಿಯ ಮೇಲೆ ಕ್ಯೂರ್ ಮಾಡಿ. ನೈಟ್ರೈಲ್ ಸೀಲಿನ ಕಾಂಪೌಂಡಿಗೆ ಇದನ್ನು ಬೆರೆಸಬೇಡಿ, ಎರಡೂ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಅಲ್ಲಿ ನೈಟ್ರೈಲ್ ರಬ್ಬರನ್ನೇ ಮಾರ್ಪಡಿಸಬೇಕು. ರಬ್ಬರ್-ಲೋಹದ ಅಂಟಿನ ಪರೀಕ್ಷೆಯ ಮಾನಕವಾದ ಎಎಸ್‌ಟಿಎಂ ಡಿ429ರ ಬಿ ವಿಧಾನದಂತೆ 90 ಡಿಗ್ರಿ ಕೋನದಲ್ಲಿ ಪಟ್ಟಿಯನ್ನು ಸುಲಿಯಲು ಬೇಕಾದ ಬಲವನ್ನು ಅಳೆಯಿರಿ. ಬಲದ ಅಂಕಿಯ ಪಕ್ಕದಲ್ಲಿಯೇ ಇನ್ನೊಂದು ಅಂಕಣವಿರಲಿ: ಸುಲಿದ ಮೇಲೆ ಉಕ್ಕಿನ ಮೇಲೆ ರಬ್ಬರ್ ಎಷ್ಟು ಭಾಗ ಹರಿದು ಉಳಿದಿದೆ, ಎಷ್ಟು ಭಾಗ ಬರಿಲೋಹ ಕಾಣುತ್ತಿದೆ. ಮೊದಲ ಯಶಸ್ವಿ ಮಾದರಿಯ ಪಟ್ಟಿಯನ್ನು ಆ ಘಟಕದ ಮಾಲೀಕರಿಗೆ ಒಯ್ದು ಕೊಟ್ಟಾಗ ಅವರು ಬಲದ ಅಂಕಿಯನ್ನು ಕೇಳಲಿಲ್ಲ. ಹೆಬ್ಬೆರಳಿನಿಂದ ಉಕ್ಕನ್ನು ಸವರಿ, ಅದರ ಮೇಲೆ ಉಳಿದಿದ್ದ ಒರಟು ಕಪ್ಪು ರಬ್ಬರನ್ನು ಉಗುರಿನಿಂದ ಕೆರೆದು ನೋಡಿದರು.